ಈ ಕತೆ ಹೇಳುತ್ತಿರುವುದು ಯಾರು? ಐಚ್ಛಿಕ ಕನ್ನಡದಲ್ಲಿ ಕತೆ, ನಾಟಕ ಓದಿದ ನನ್ನ ಅನುಭವ

ಸಣ್ಣಕತೆಗೂ ನಾಟಕಕ್ಕೂ ಒಂದೇ ಥರ ನೋಟ್ಸ್ ಮಾಡಿಕೊಳ್ಳುವವರೇ ಜಾಸ್ತಿ. ಲೇಖಕರ ಪರಿಚಯ, ಸಾರಾಂಶ, ಮುಖ್ಯ ಪಾತ್ರಗಳು, ಕೊನೆಗೆ "ಲೇಖಕರು ಸಮಾಜಕ್ಕೆ ಕನ್ನಡಿ ಹಿಡಿದಿದ್ದಾರೆ" ಎಂಬ ಒಂದು ಸಾಲು. ಗೈಡುಗಳೂ ಇದೇ ಅಚ್ಚಿನವು. ಪಾಸಾಗಲು ಅಷ್ಟು ಸಾಕು, ಸುಳ್ಳು ಹೇಳುವುದಿಲ್ಲ. ಆದರೆ ಬಿಎಯಲ್ಲಿ ಇತಿಹಾಸ, ಅರ್ಥಶಾಸ್ತ್ರದ ಜೊತೆ ಐಚ್ಛಿಕ ಕನ್ನಡ ತೆಗೆದುಕೊಂಡ ನನಗೆ ಆ ಪೇಪರ್ ಇಷ್ಟವಾಗಿದ್ದು ನೋಟ್ಸಿನಿಂದಲ್ಲ. ಕತೆ ಮತ್ತು ನಾಟಕ ಎರಡನ್ನೂ ಬೇರೆ ಬೇರೆ ರೀತಿಯಲ್ಲಿ ಓದಬೇಕು ಎಂದು ಗೊತ್ತಾದ ಮೇಲೆ. ಅದನ್ನು ಹೇಗೆ ಮಾಡಿದೆ ಎಂದು ಇಲ್ಲಿ ಬರೆಯುತ್ತೇನೆ. ಒಂದೊಂದು ವಿಶ್ವವಿದ್ಯಾಲಯದ ಪಠ್ಯ ಒಂದೊಂದು ಥರ, ಹಾಗಾಗಿ ನಿಮ್ಮ ಪಠ್ಯ ಬೇರೆ ಇರಬಹುದು. ದಾರಿ ಅದೇ.

ಮೊದಲು ಕತೆ. ಮಾಸ್ತಿಯವರ "ರಂಗನ ಮದುವೆ". ಬೆಂಗಳೂರಿಗೆ ಹೋಗಿ ಇಂಗ್ಲಿಷ್ ಕಲಿತು ಊರಿಗೆ ಬಂದ ಹುಡುಗನಿಗೆ ಮದುವೆ ಮಾಡಿಸುವ ಕತೆ, ತಮಾಷೆಯಾಗಿದೆ, ಒಂದೇ ಸಲಕ್ಕೆ ಓದಿ ಮುಗಿಸಬಹುದು. ತರಗತಿಯಲ್ಲಿ ನಮ್ಮ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ.

"ಈ ಕತೆ ನಿನಗೆ ಹೇಳ್ತಿರೋದು ಯಾರಮ್ಮ?"

"ಮಾಸ್ತಿ ಸಾರ್."

"ಮಾಸ್ತಿ ಬರೆದಿದ್ದು. ಹೇಳ್ತಿರೋದು ಯಾರು?"

ಹೇಳುತ್ತಿರುವವನು ಶ್ಯಾಮ. ಹೊಸಹಳ್ಳಿಯವನು. ಮದುವೆಯ ಹಂಚಿಕೆ ಹಾಕಿದವನೂ ಅವನೇ. ಇದು ಗೊತ್ತಾದ ಮೇಲೆ ಕತೆಯನ್ನು ಮತ್ತೆ ಓದಿದರೆ ಬೇರೆಯೇ ಆಗಿ ಕಾಣುತ್ತದೆ. ಶುರುವಿನಲ್ಲೇ ಅವನು ತನ್ನೂರನ್ನು ಹೊಗಳುತ್ತಾನೆ, ಕರಿಗಡುಬು ಹೂರಣ ಎಂದೆಲ್ಲ ಮಾತು ಬೆಳೆಸುತ್ತಾನೆ. ಗೈಡಿನವರು ಇದನ್ನು "ಹೊಸಹಳ್ಳಿಯ ವರ್ಣನೆ" ಎಂದು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಿಜವಾಗಿ ಅಲ್ಲಿ ನಮಗೆ ಶ್ಯಾಮನ ಪರಿಚಯ ಆಗುತ್ತಿದೆ: ಮಾತುಗಾರ, ತನ್ನ ಮಾತನ್ನು ತಾನೇ ಆನಂದಿಸುವವನು, ಕೇಳುವವರನ್ನು ಪಕ್ಕಕ್ಕೆ ಕೂರಿಸಿಕೊಳ್ಳುವವನು. ಇಂಥವನು ಮುಂದೆ ರಂಗನಿಗೆ ಬೇಕೆಂದೇ ಸುಳ್ಳು ಹೇಳುತ್ತಾನೆ, ಹುಡುಗಿಗೆ ಆಗಲೇ ಮದುವೆಯಾಗಿದೆ ಎಂದು. ಶಾಸ್ತ್ರಿಗಳಿಗೆ ಮೊದಲೇ ಹೇಳಿಕೊಟ್ಟು ಜ್ಯೋತಿಷ್ಯ ಹೇಳಿಸುತ್ತಾನೆ. ಎಲ್ಲವನ್ನೂ ನಮಗೆ ಬಾಯಿಬಿಟ್ಟು ಒಪ್ಪಿಸುತ್ತಾನೆ. ಹಾಗಾಗಿ ನಾವು ಅವನ ಕಡೆಯವರಾಗಿಬಿಡುತ್ತೇವೆ. ರಂಗನ ಮುಖ ಸಪ್ಪಗಾದಾಗ ನಾವೂ ನಗುತ್ತೇವೆ, ಅಲ್ವಾ?

ನಾನು ಮಾಡಿದ್ದು ಇಷ್ಟೇ. ಎರಡನೇ ಓದಿನಲ್ಲಿ ಪೆನ್ಸಿಲ್ ಹಿಡಿದು, ಶ್ಯಾಮ ಕಣ್ಣಾರೆ ನೋಡಿದ್ದಕ್ಕೆ ಒಂದು ಗುರುತು, ಊಹಿಸಿ ಹೇಳಿದ್ದಕ್ಕೆ ಇನ್ನೊಂದು ಗುರುತು, ಹೇಳದೇ ಬಿಟ್ಟಿದ್ದಕ್ಕೆ ಅಂಚಿನಲ್ಲಿ ಪ್ರಶ್ನೆ ಹಾಕುತ್ತಾ ಹೋದೆ. ಪ್ರಶ್ನೆಗಳೆಲ್ಲ ಒಬ್ಬಳ ಸುತ್ತ ಬಂದು ಗುಂಪಾದವು. ರತ್ನ, ಹನ್ನೊಂದು ವರ್ಷದ ಹುಡುಗಿ. ಅವಳ ಮದುವೆಯ ಕತೆಯಲ್ಲಿ ಅವಳ ಮನಸ್ಸಿನೊಳಗೆ ಏನಿತ್ತು ಎಂದು ಶ್ಯಾಮ ಹೇಳುವುದಿಲ್ಲ. ಅವನಿಗೆ ಅದು ಬೇಕಾಗಿಯೂ ಇಲ್ಲ. ಮಜ್ಜಿಗೆಯ ನೆಪ ಹೇಳಿ ಅವಳನ್ನು ಮನೆಗೆ ಕರೆಸುತ್ತಾನೆ. ಹಾಡು ಎನ್ನುತ್ತಾನೆ. ಅವಳು ಹಾಡುತ್ತಿರುವಾಗ ಸರಿಯಾಗಿ ರಂಗ ಬರುವ ಹಾಗೆ ಮಾಡುತ್ತಾನೆ. ರಂಗ ಬಾಗಿಲಲ್ಲಿ ನಿಂತಾಗ ಒಳಗೆ ಬೆಳಕು ಕಡಿಮೆಯಾಗುತ್ತದೆ. ಅವಳು ತಲೆ ಎತ್ತಿ ನೋಡಿ ಹಾಡು ನಿಲ್ಲಿಸುತ್ತಾಳೆ. ಸಣ್ಣ ವಿಷಯ. ಆದರೆ ಕತೆಯ ಜಾಣತನವೆಲ್ಲ ಅಲ್ಲಿದೆ ಎಂದು ನನಗೆ ಅನಿಸುತ್ತದೆ. ಯಾರೋ ಬಂದರು ಎಂದು ಅವಳಿಗೆ ಗೊತ್ತಾಗುವುದು ಬೆಳಕು ಕುಂದಿದ್ದರಿಂದ.

ಇಂಟರ್ನಲ್ಸ್ ಅಸೈನ್‌ಮೆಂಟಿಗೆ ಮೇಷ್ಟ್ರು ಇದೇ ಭಾಗವನ್ನು ನಾಟಕದ ದೃಶ್ಯ ಮಾಡಿ ಬರೆಯಲು ಹೇಳಿದರು. ಕತೆಗೂ ನಾಟಕಕ್ಕೂ ಇರುವ ವ್ಯತ್ಯಾಸ ಯಾವ ಲಕ್ಷಣಗ್ರಂಥ ಓದಿದರೂ ಇಷ್ಟು ಚೆನ್ನಾಗಿ ತಿಳಿಯಲಿಕ್ಕಿಲ್ಲ. ಬರೆಯಲು ಕೂತ ತಕ್ಷಣ ತೊಂದರೆ ಶುರು. ಕರಿಗಡುಬಿನ ಮಾತನ್ನು ಯಾರ ಬಾಯಿಗೆ ಹಾಕುವುದು? ಯಾರ ಬಾಯಿಗೂ ಕೂರುವುದಿಲ್ಲ. ಶ್ಯಾಮ ಪ್ರೇಕ್ಷಕರ ಕಡೆ ತಿರುಗಿ ಹೇಳಬಹುದು, ಆದರೆ ಆಗ ಅವನು ಸೂತ್ರಧಾರನಾಗುತ್ತಾನೆ, ರಂಗನ ಎದುರು ನಿಂತ ಪಾತ್ರವಾಗಿ ಉಳಿಯುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ರತ್ನ. ಕತೆಯಲ್ಲಿ ಶ್ಯಾಮ ಅವಳ ವಿಷಯ ಬಿಟ್ಟು ಮುಂದಿನ ಸಾಲಿಗೆ ಹೋದರೆ ಅವಳು ಮಾಯ. ರಂಗದ ಮೇಲೆ ಹಾಗೆ ಆಗುವುದಿಲ್ಲ. ಗಂಡಸರಿಬ್ಬರು ಮಾತಾಡುತ್ತಿದ್ದಾರೆ, ಅವಳು ಅಲ್ಲೇ ಕೂತಿದ್ದಾಳೆ, ಹಾರ್ಮೋನಿಯಂ ಮುಂದಿದೆ. ಕೈ ಎಲ್ಲಿಡಬೇಕು? ಎದ್ದು ಹೋಗಬೇಕಾ, ಕೂತಿರಬೇಕಾ? ನಮ್ಮ ತರಗತಿಯ ಗದಗ ಕಡೆಯ ಹುಡುಗಿಯೊಬ್ಬಳು ತನ್ನ ದೃಶ್ಯದಲ್ಲಿ ರತ್ನನಿಗೆ ಒಂದೂ ಮಾತು ಕೊಡದೆ, ಹಾರ್ಮೋನಿಯಂ ತಿದಿಯನ್ನು ನಿಧಾನ ಮುಚ್ಚುವ ಕೆಲಸವೊಂದನ್ನೇ ಕೊಟ್ಟಿದ್ದಳು. ತರಗತಿಯಲ್ಲಿ ಓದಿದಾಗ ರಂಗ, ಶ್ಯಾಮ ಏನು ಮಾತಾಡಿದರು ಎಂದು ಯಾರಿಗೂ ನೆನಪಿರಲಿಲ್ಲ. ಎಲ್ಲರೂ ಆ ತಿದಿಯನ್ನೇ ನೋಡುತ್ತಿದ್ದರು.

ಇನ್ನು ನಾಟಕ. ಗಿರೀಶ ಕಾರ್ನಾಡರ "ತುಘಲಕ್", ದಿಲ್ಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕ್‌ನ ಬಗ್ಗೆ, 1964ರಲ್ಲಿ ಬಂದದ್ದು. ಹದಿಮೂರು ದೃಶ್ಯ, ತೆಳ್ಳಗಿನ ಪುಸ್ತಕ. ಇದನ್ನು ಒಬ್ಬರೇ ಕೂತು ಮನಸ್ಸಿನಲ್ಲಿ ಓದಬೇಡಿ ಎಂಬುದು ನನ್ನ ಮೊದಲ ಸಲಹೆ. ಹಾಸ್ಟೆಲಿನಲ್ಲಿ ಊಟ ಆದ ಮೇಲೆ ನಾವು ನಾಲ್ಕೈದು ಜನ ಪಾತ್ರ ಹಂಚಿಕೊಂಡು ಜೋರಾಗಿ ಓದುತ್ತಿದ್ದೆವು. ವಾರ್ಡನ್ ಬಂದು ಬೈದದ್ದೂ ಇದೆ. ಅಭಿನಯ ಬರಬೇಕಿಲ್ಲ, ಸುಮ್ನೆ ಓದಿದರೆ ಸಾಕು. ಓದುವಾಗ ಒಬ್ಬರ ಮಾತು ಉದ್ದ, ಇನ್ನೊಬ್ಬರದು ಚುಟುಕು, ಒಬ್ಬರು ಪ್ರಶ್ನೆಗೆ ಉತ್ತರವನ್ನೇ ಕೊಡುತ್ತಿಲ್ಲ, ಇವೆಲ್ಲ ಕಿವಿಗೆ ಬೀಳುತ್ತವೆ.

ಎರಡನೆಯದು: ಆವರಣದೊಳಗಿನ ರಂಗಸೂಚನೆಗಳನ್ನು ಬಿಡಬೇಡಿ. ಎಲ್ಲರೂ ಹಾರಿಸುವುದೇ ಅವನ್ನು. ನಾವು ಓದುವಾಗ ಅದಕ್ಕೆಂದೇ ಒಬ್ಬಳನ್ನು ಇಟ್ಟುಕೊಂಡಿದ್ದೆವು. ಅವಳಿಗೆ ಪಾತ್ರ ಇಲ್ಲ, ರಂಗಸೂಚನೆ ಓದುವುದೊಂದೇ ಕೆಲಸ.

ಮೂರನೆಯದು ನನಗೆ ತುಂಬಾ ಉಪಯೋಗಕ್ಕೆ ಬಂತು. ನೋಟ್‌ಬುಕ್ಕಿನಲ್ಲಿ ದೃಶ್ಯಕ್ಕೊಂದು ಪುಟ. ಮೇಲೆ ದೃಶ್ಯ ಎಲ್ಲಿ ನಡೆಯುತ್ತದೆ. ಕೆಳಗೆ ಗೀಟು ಹಾಕಿ ಯಾರು ಇದ್ದಾರೆ, ಯಾರು ನಡುವೆ ಬಂದರು. ಬಲಗಡೆ ಒಂದು ಕಾಲಂ: ಯಾರಿಗೆ ಏನು ಗೊತ್ತು. ಮೊದಲ ದೃಶ್ಯವನ್ನೇ ತೆಗೆದುಕೊಳ್ಳಿ. 1327, ದಿಲ್ಲಿ, ನ್ಯಾಯಾಲಯದ ಮುಂದೆ ಜನ ಸೇರಿದ್ದಾರೆ. ವಿಷ್ಣುಪ್ರಸಾದ ಎಂಬ ಬ್ರಾಹ್ಮಣ ಸುಲ್ತಾನನ ಮೇಲೇ ದಾವೆ ಹಾಕಿ ಗೆದ್ದಿದ್ದಾನೆ. ಜನರಿಗೆ ಗೊತ್ತಿರುವುದು ಅಷ್ಟು. ಅವನು ಬ್ರಾಹ್ಮಣನೇ ಅಲ್ಲ, ಅಜೀಜ್ ಎಂಬ ಅಗಸ ಎಂದು ದೃಶ್ಯ ಮುಗಿಯುವಾಗ ನಮಗೆ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಸುಲ್ತಾನನಿಗಿಂತ ನಮಗೇ ಹೆಚ್ಚು ಗೊತ್ತಿರುತ್ತದೆ, ನಾಟಕದ ಕೊನೆಗೆ ಇಬ್ಬರೂ ಎದುರಾಗುವವರೆಗೆ. ಈ ಕಾಲಂ ತುಂಬುತ್ತಾ ಹೋದರೆ "ನಾಟಕೀಯ ವ್ಯಂಗ್ಯ ಎಂದರೇನು" ಎಂಬ ಪ್ರಶ್ನೆಗೆ ವ್ಯಾಖ್ಯೆ ಬಾಯಿಪಾಠ ಮಾಡುವ ಕೆಲಸ ತಪ್ಪುತ್ತದೆ.

ಮೂರು, ನಾಲ್ಕನೇ ದೃಶ್ಯಗಳ ಮೇಲೆ ನಾವು ಜಾಸ್ತಿ ಹೊತ್ತು ಕಳೆದೆವು. ಶೇಖ್ ಇಮಾಮುದ್ದೀನ್ ಸುಲ್ತಾನನನ್ನು ಬಹಿರಂಗವಾಗಿ ಟೀಕಿಸುವ ಧರ್ಮಗುರು. ಸುಲ್ತಾನ ಅವರನ್ನು ದಿಲ್ಲಿಯಲ್ಲಿ ಭಾಷಣಕ್ಕೆ ತಾನೇ ಕರೆಸುತ್ತಾನೆ. ಕೇಳಲು ಒಬ್ಬ ನರಪಿಳ್ಳೆಯೂ ಬಂದಿಲ್ಲ. ಜನ ಬರದ ಹಾಗೆ ಸೈನಿಕರನ್ನು ಬಿಟ್ಟವನು ಸುಲ್ತಾನನೇ. ಖಾಲಿ ಜಾಗದಲ್ಲಿ ಇಬ್ಬರ ಮಾತು ನಡೆಯುತ್ತದೆ. ದಂಗೆ ಎದ್ದು ಬರುತ್ತಿರುವ ಐನ್‌ಉಲ್‌ಮುಲ್ಕನ ಹತ್ತಿರ ಶಾಂತಿಯ ರಾಯಭಾರಿಯಾಗಿ ಹೋಗಲು ಶೇಖರು ಒಪ್ಪುತ್ತಾರೆ. ಆಗ ಅವರಿಗೆ ರಾಜನ ಉಡುಪು ತೊಡಿಸಲಾಗುತ್ತದೆ. ಇಬ್ಬರ ಮುಖದಲ್ಲೂ ಹೋಲಿಕೆ ಇದೆ. ಸುಮ್ಮನೆ ಓದಿಕೊಂಡು ಹೋದರೆ ಉಡುಪಿನ ವಿಷಯ ಮರ್ಯಾದೆಯ ಮಾತಾಗಿ ದಾಟಿಹೋಗುತ್ತದೆ. ನಮ್ಮ ಕೋಣೆಯಲ್ಲಿ ಶೇಖ್ ಆಗಿದ್ದವಳ ಮೇಲೆ ಬೆಡ್‌ಶೀಟ್ ಹೊದಿಸಿ ನಿಲ್ಲಿಸಿದಾಗ ಎಲ್ಲರೂ ಗಪ್‌ಚುಪ್. ಈಗ ನಮ್ಮೆದುರು ಇಬ್ಬರು ಸುಲ್ತಾನರು ನಿಂತಿದ್ದಾರೆ. ಒಬ್ಬನಿಗೆ ಅದು ಯಾಕೆ ಎಂದು ಗೊತ್ತು, ಇನ್ನೊಬ್ಬರಿಗೆ ಗೊತ್ತಿಲ್ಲ.

ಯುದ್ಧ ರಂಗದ ಮೇಲೆ ಬರುವುದಿಲ್ಲ. ಮುಂದಿನ ದೃಶ್ಯದಲ್ಲಿ ಸುಲ್ತಾನ ಬಂದು ಶೇಖರ ಸಾವಿಗೆ ದುಃಖಪಡುತ್ತಾನೆ. ಆಮೇಲೆ ರತನ್‌ಸಿಂಗ್ ಬಂದು, ನಿಜವಾಗಿ ಏನಾಯಿತು ಎಂದು ತನ್ನ ದತ್ತು ಸಹೋದರ ಶಹಾಬುದ್ದೀನನಿಗೆ ಹೇಳುತ್ತಾನೆ. ಆನೆಯ ಮೇಲೆ ಸುಲ್ತಾನನ ವೇಷದಲ್ಲಿ ಹೋದ ಶೇಖರನ್ನೇ ಸುಲ್ತಾನ ಎಂದುಕೊಂಡು ಶತ್ರುಗಳು ಬಾಣ ಬಿಟ್ಟ ಕತೆ. ಇಲ್ಲಿ ಮೇಷ್ಟ್ರ ಹಳೇ ಪ್ರಶ್ನೆ ಮತ್ತೆ ಬಂತು: ಹೇಳುತ್ತಿರುವುದು ಯಾರು? ನಾಟಕದಲ್ಲೂ ಕತೆ ಹೇಳುವವರಿದ್ದಾರೆ. ಆದರೆ ಶ್ಯಾಮನ ಹಾಗೆ ಅವರು ನಮಗೆ ಹೇಳುವುದಿಲ್ಲ, ಎದುರಿಗಿರುವ ಇನ್ನೊಂದು ಪಾತ್ರಕ್ಕೆ ಹೇಳುತ್ತಾರೆ. ಯಾಕೆ ಹೇಳುತ್ತಿದ್ದಾರೆ ಎಂಬುದೂ ಕತೆಯಷ್ಟೇ ಮುಖ್ಯ. ರತನ್‌ಸಿಂಗ್ ಇದನ್ನು ಹೇಳಿ ಶಹಾಬುದ್ದೀನನನ್ನು ಸುಲ್ತಾನನ ವಿರುದ್ಧ ಎಬ್ಬಿಸುತ್ತಾನೆ. ಮುಂದೆ ಅದೇ ರತನ್‌ಸಿಂಗ್ ಸಂಚಿನ ಸುದ್ದಿಯನ್ನು ಸುಲ್ತಾನನಿಗೆ ಮುಟ್ಟಿಸುತ್ತಾನೆ. ಅವನಿಗೆ ಶಹಾಬುದ್ದೀನನ ಅಪ್ಪನ ಮೇಲೆ ಹಳೆಯ ಸೇಡು ಇತ್ತು. ಹಾಗಾದರೆ ಆನೆಯ ಕತೆ ಎಷ್ಟು ನಿಜ? ಸೆಮಿನಾರಿನಲ್ಲಿ ಇದೇ ಮಾತಿಗೆ ಜಗಳವಾಯಿತು. ಅವನು ಮೋಸಗಾರನಾದ ಮಾತ್ರಕ್ಕೆ ಹೇಳಿದ್ದು ಸುಳ್ಳಾಗಬೇಕಿಲ್ಲ ಎನ್ನುವುದು ನನ್ನ ವಾದ. ರಾಜನ ಉಡುಪು ತೊಡಿಸಿದ್ದನ್ನು ನಾವೇ ನೋಡಿದ್ದೇವೆ. ನೋಡಿದ್ದಕ್ಕೂ ಕೇಳಿದ್ದಕ್ಕೂ ತಾಳೆ ಆಗುತ್ತದೆ.

ಆರನೇ ದೃಶ್ಯದಲ್ಲಿ ಪ್ರಾರ್ಥನೆಯ ಹೊತ್ತಿನಲ್ಲಿ ಸುಲ್ತಾನನನ್ನು ಕೊಲ್ಲುವ ಸಂಚು ವಿಫಲವಾಗುತ್ತದೆ. ಸುಲ್ತಾನನೇ ಶಹಾಬುದ್ದೀನನನ್ನು ತಿವಿದು ಕೊಲ್ಲುತ್ತಾನೆ. ತಕ್ಷಣ ಹೊರಡುವ ಸುದ್ದಿ ಏನು ಗೊತ್ತಾ? ಸುಲ್ತಾನನನ್ನು ಕಾಪಾಡಲು ಹೋಗಿ ಶಹಾಬುದ್ದೀನ ಸತ್ತ ಎಂದು. ಇದೆಲ್ಲ ನಡೆಯುವಾಗ ಬರನಿ ಅಲ್ಲೇ ನಿಂತಿದ್ದಾನೆ. ಚರಿತ್ರೆಯಲ್ಲಿ ಜಿಯಾಉದ್ದೀನ್ ಬರನಿ ಆ ಕಾಲದ ಇತಿಹಾಸಕಾರ. ಇತಿಹಾಸವೂ ನನ್ನ ವಿಷಯವಾಗಿದ್ದರಿಂದ ಈ ಹೆಸರು ಕಂಡಾಗ ಖುಷಿಯಾಯಿತು. ಇತಿಹಾಸ ಬರೆಯುವವನ ಎದುರಿಗೇ ಸುಳ್ಳು ಇತಿಹಾಸ ತಯಾರಾಗುತ್ತಿದೆ. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ. ಅವನನ್ನು ಅಲ್ಲಿ ನಿಲ್ಲಿಸಿರುವುದರಿಂದಲೇ ಅದು ಗೊತ್ತಾಗುತ್ತದೆ. "ಯಾರು ಇದ್ದಾರೆ" ಎಂಬ ಕಾಲಂ ಬರೆಯದಿದ್ದರೆ ನನಗೆ ಇದು ಕಾಣುತ್ತಿರಲಿಲ್ಲ.

ಕಾದಂಬರಿಯಾಗಿ ನಮಗೆ ಇದ್ದದ್ದು ಅನಂತಮೂರ್ತಿಯವರ "ಸಂಸ್ಕಾರ", 1965ರದ್ದು. ಅದರ ಬಗ್ಗೆ ಎರಡೇ ಮಾತು. ಕಾದಂಬರಿ ತನ್ನ ಮುಖ್ಯ ಪಾತ್ರ ಪ್ರಾಣೇಶಾಚಾರ್ಯರ ತಲೆಯೊಳಗೆ ಪುಟಗಟ್ಟಲೆ ಕೂರಬಲ್ಲದು. ನಾಟಕಕ್ಕೆ ಆ ಸೌಕರ್ಯ ಇಲ್ಲ, ಸುಲ್ತಾನ ಬಾಯಿಬಿಟ್ಟರೆ ಮಾತ್ರ ಅವನ ಮನಸ್ಸು ನಮಗೆ ಸಿಗುತ್ತದೆ, ಅದೂ ನಂಬುವ ಹಾಗಿಲ್ಲ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರು ಮಾಡಿದ "ಸಂಸ್ಕಾರ" ಸಿನಿಮಾದಲ್ಲಿ ಪ್ರಾಣೇಶಾಚಾರ್ಯರ ಪಾತ್ರ ಮಾಡಿದ್ದು ಕಾರ್ನಾಡರೇ. ಕಾದಂಬರಿ ಓದಿದ ಮೇಲೆ ಅದನ್ನು ನೋಡಿ, ಮೊದಲೇ ನೋಡಬೇಡಿ. ಆ ಒಳಮಾತುಗಳೆಲ್ಲ ಎಲ್ಲಿ ಹೋದವು, ಅವುಗಳ ಜಾಗದಲ್ಲಿ ಏನು ಬಂತು ಎಂದು ಹುಡುಕಿದರೆ ಒಂದು ಅಸೈನ್‌ಮೆಂಟಿಗೆ ಆಗುವಷ್ಟು ಸಿಗುತ್ತದೆ.

ಸಾಧ್ಯವಾದರೆ ನಾಟಕ ನೋಡಿ. ಹೆಗ್ಗೋಡಿನ ನೀನಾಸಂನವರ ಸಂಚಾರಿ ನಾಟಕ ತಂಡ ತಿರುಗಾಟ 1985ರಿಂದ ಊರೂರಿಗೆ ಹೋಗುತ್ತಿದೆ. ನಿಮ್ಮ ಪಠ್ಯದ ನಾಟಕವೇ ಬರುತ್ತದೆ ಎಂದೇನಿಲ್ಲ. ಯಾವ ನಾಟಕವಾದರೂ ಸರಿ, ಮಾತಾಡುತ್ತಿರುವವರನ್ನು ಬಿಟ್ಟು ಸುಮ್ಮನೆ ನಿಂತಿರುವವರನ್ನು ಸ್ವಲ್ಪ ಹೊತ್ತು ನೋಡಿ.

ಕೊನೆಗೆ ಪರೀಕ್ಷೆ. "ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ" ಎಂಬ ಪ್ರಶ್ನೆ ಹೇಗೂ ಇರುತ್ತದೆ. ಯಾವ ಕೃತಿ, ಯಾರು ಬರೆದದ್ದು, ಯಾರು ಯಾರಿಗೆ ಯಾವಾಗ ಹೇಳಿದರು, ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಅದನ್ನು ಮೂರ್ನಾಲ್ಕು ಸಾಲಿನಲ್ಲಿ ಮುಗಿಸಿ. ನಾಟಕದ ಮಾತಾದರೆ ಆಗ ಅಲ್ಲಿ ಇನ್ನೂ ಯಾರಿದ್ದರು, ಕೇಳಿಸಿಕೊಂಡವರಿಗೆ ಏನು ಗೊತ್ತಿರಲಿಲ್ಲ ಎಂದು ಬರೆಯಿರಿ. ಕತೆಯ ಮಾತಾದರೆ ಅದನ್ನು ನಮಗೆ ತಲುಪಿಸಿದವರು ಯಾರು, ಅವರಿಗೆ ಅದರಲ್ಲಿ ಏನು ಲಾಭ ಎಂದು ಬರೆಯಿರಿ. "ತುಘಲಕ್" ನಾಟಕದ ಕೊನೆಯ ಬಗ್ಗೆ ಪ್ರಶ್ನೆ ಬಂದರೆ ಒಂದು ವಿಷಯ ನೆನಪಿಡಿ. ನಾಟಕ ಮುಗಿಯುವುದು ಯಾರ ಮಾತಿನಿಂದಲೂ ಅಲ್ಲ, ರಂಗಸೂಚನೆಯಿಂದ. ನಿದ್ದೆ ಹೋಗಿದ್ದ ಸುಲ್ತಾನ ಪ್ರಾರ್ಥನೆಯ ಕರೆ ಮುಗಿಯುತ್ತಿರುವಾಗ ಕಣ್ಣು ಬಿಟ್ಟು, ಎಲ್ಲಿದ್ದೇನೆ ಎಂದು ತಿಳಿಯದವನ ಹಾಗೆ ಸುತ್ತ ನೋಡುತ್ತಾನೆ. ಗೈಡಿನ ಸಾರಾಂಶದಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಮೂಲ ಪುಸ್ತಕ ಲೈಬ್ರರಿಯಲ್ಲಿ ಸಿಗುತ್ತದೆ. ಸೆಮಿಸ್ಟರ್ ಶುರುವಾದ ವಾರವೇ ಹೋಗಿ ತೆಗೆದುಕೊಳ್ಳಿ, ಪರೀಕ್ಷೆ ಹತ್ತಿರ ಬಂದ ಮೇಲೆ ಕೈಗೆ ಸಿಗುವುದಿಲ್ಲ.