ಹಳೆಯ ಎಸ್‌ಎಂಪಿಎಸ್, ಹೊಸ ಮದರ್‌ಬೋರ್ಡ್: 20 ಪಿನ್ ಪ್ಲಗ್ಗನ್ನು 24 ಪಿನ್‌ಗೆ ಜೋಡಿಸುವುದು ಹೇಗೆ?

ಹಳೆಯ ಕಂಪ್ಯೂಟರ್‌ನ ಬೋರ್ಡ್ ಕೆಟ್ಟಿದೆ, ಕರೆಂಟ್ ಕೊಡುವ ಡಬ್ಬಿ, ಅಂದರೆ ಎಸ್‌ಎಂಪಿಎಸ್ ಮಾತ್ರ ಇನ್ನೂ ಓಡುತ್ತಿದೆ. ಹೊಸ ಬೋರ್ಡ್ ತಂದು ಕ್ಯಾಬಿನೆಟ್‌ಗೆ ಕೂರಿಸಿದರೆ ಅದರ ಮೇಲೆ 24 ಪಿನ್ ಇವೆ, ಕೈಯಲ್ಲಿರುವ ಪ್ಲಗ್ಗಿಗೆ ಇರುವುದು 20 ತೂತು. ಹೆಚ್ಚಿನವರು ಇಲ್ಲಿಗೇ ಕೈಬಿಡುತ್ತಾರೆ, ಇಲ್ಲವೇ ಅಡಾಪ್ಟರ್ ಹುಡುಕಿಕೊಂಡು ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋಗುತ್ತಾರೆ. ನಿಜವಾಗಿ ಪ್ಲಗ್ ಕೂರುವುದು ಸಮಸ್ಯೆಯೇ ಅಲ್ಲ. ಹಳದಿ ವೈರಿನಲ್ಲಿ ಬರುವ 12 ವೋಲ್ಟ್ ಸಾಲುತ್ತದೆಯೇ ಎಂಬುದೇ ಇಲ್ಲಿ ನೋಡಬೇಕಾದ ವಿಷಯ.

1995ರಲ್ಲಿ ಇಂಟೆಲ್ ಕಂಪನಿ ಬೋರ್ಡ್, ಎಸ್‌ಎಂಪಿಎಸ್‌ಗಳ ಅಳತೆ ಮತ್ತು ಪ್ಲಗ್ ನಿಗದಿಮಾಡುವ ಎಟಿಎಕ್ಸ್ ಮಾನದಂಡ ತಂದಾಗ ಮುಖ್ಯ ಪ್ಲಗ್ಗಿಗೆ ಇದ್ದದ್ದು 20 ಪಿನ್. ಆಗಿನ ಪ್ರೊಸೆಸರ್‌ಗಳಿಗೆ ಬೇಕಾದ ಕರೆಂಟನ್ನು ಬೋರ್ಡ್ ಹೆಚ್ಚಾಗಿ 5 ವೋಲ್ಟ್‌ನಿಂದಲೇ ತೆಗೆದುಕೊಳ್ಳುತ್ತಿತ್ತು. 2000ದಲ್ಲಿ ಪೆಂಟಿಯಂ 4 ಬಂದಾಗ ಪ್ರೊಸೆಸರ್‌ಗೆಂದೇ 12 ವೋಲ್ಟ್‌ನ 4 ಪಿನ್ ಪ್ಲಗ್ ಸೇರಿತು. ಅದೇ ಮಾನದಂಡದ 2003ರ ಆವೃತ್ತಿ ಎಟಿಎಕ್ಸ್12ವಿ 2.0ರಲ್ಲಿ ಮುಖ್ಯ ಪ್ಲಗ್ 24 ಪಿನ್ ಆಯಿತು. ಹೆಚ್ಚಿಗೆ ಬಂದ ನಾಲ್ಕರಲ್ಲಿ 12 ವೋಲ್ಟ್ ಒಂದು, 5 ವೋಲ್ಟ್ ಒಂದು, 3.3 ವೋಲ್ಟ್ ಒಂದು, ಗ್ರೌಂಡ್ ಒಂದು. ಹೊಸ ಬಗೆಯ ವೋಲ್ಟೇಜ್ ಯಾವುದೂ ಇಲ್ಲ, ಇದ್ದವುಗಳಿಗೇ ಒಂದೊಂದು ಹೆಚ್ಚುವರಿ ದಾರಿ ಅಷ್ಟೆ. ಆದ್ದರಿಂದಲೇ ಆ ನಾಲ್ಕು ಪಿನ್ ಖಾಲಿ ಬಿಟ್ಟರೂ ಬೋರ್ಡ್ ಆನ್ ಆಗುತ್ತದೆ.

ಮೊದಲು ಲೇಬಲ್ ಓದಿ

ಸ್ಕ್ರೂಡ್ರೈವರ್ ಹಿಡಿಯುವ ಮುಂಚೆ ಎಸ್‌ಎಂಪಿಎಸ್ ಪಕ್ಕದ ಲೇಬಲ್ ನೋಡಿ. ದೊಡ್ಡಕ್ಷರದ 350 ವ್ಯಾಟ್, 450 ವ್ಯಾಟ್ ಎಂಬುದನ್ನು ಬದಿಗಿಟ್ಟು, ಕೆಳಗಿನ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್ ಎದುರು ಎಷ್ಟು ಆಂಪಿಯರ್ ಬರೆದಿದೆ ಎಂದು ಹುಡುಕಿ. 3.3 ವೋಲ್ಟ್‌ಗೆ 20 ಆಂಪಿಯರ್, 5 ವೋಲ್ಟ್‌ಗೆ 30, 12 ವೋಲ್ಟ್‌ಗೆ 13 ಎಂದು ಇದೆ ಅನ್ನಿ. ನಿಮ್ಮ ಕೆಲಸಕ್ಕೆ ಬರುವುದು 12 ಗುಣಿಸು 13, ಅಂದರೆ 156 ವ್ಯಾಟ್ ಮಾತ್ರ. ಕೆಂಪು ವೈರಿನ 5 ವೋಲ್ಟ್‌ನಲ್ಲಿರುವ 150 ವ್ಯಾಟ್‌ನಿಂದ ಇಂದಿನ ಬೋರ್ಡಿಗೆ ಹೆಚ್ಚು ಉಪಯೋಗವಿಲ್ಲ. ಹದಿನೈದು ಇಪ್ಪತ್ತು ವರ್ಷ ದುಡಿದ ಕೆಪಾಸಿಟರ್‌ಗಳು (ಒಳಗೆ ಕರೆಂಟ್ ಹಿಡಿದಿಡುವ ಸಣ್ಣ ಡಬ್ಬಿಯಂಥ ಭಾಗಗಳು) ಹೊಸದರಷ್ಟು ತಾಳುವುದಿಲ್ಲ. ಲೇಬಲ್ ಹೇಳಿದ್ದರಲ್ಲಿ ಮೂರನೇ ಎರಡು ಪಾಲನ್ನಷ್ಟೇ ನಂಬುವುದು ಒಳ್ಳೆಯದು, ಇಲ್ಲಿ ಸುಮಾರು 104 ವ್ಯಾಟ್.

ಈಗ ಕರೆಂಟ್ ಖರ್ಚಿನ ಲೆಕ್ಕ. ಇಂಟೆಲ್‌ನ ಐ3-7100 ಪ್ರೊಸೆಸರ್ 51 ವ್ಯಾಟ್‌ನದು. ಬೋರ್ಡಿನ ಮೇಲೆ ವೋಲ್ಟೇಜ್ ಇಳಿಸುವಾಗ ಆಗುವ ನಷ್ಟ, ಒಂದು ಹಾರ್ಡ್ ಡಿಸ್ಕ್, ಎರಡು ಫ್ಯಾನ್ ಎಲ್ಲ ಸೇರಿದರೂ 75 ವ್ಯಾಟ್ ಆಸುಪಾಸಿನಲ್ಲಿ ಮುಗಿಯುತ್ತದೆ. ಆರಾಮವಾಗಿ ನಡೆಯುತ್ತದೆ. ಐ3-12100 ಹಾಗಲ್ಲ. ಅದರ ಮೂಲ ಲೆಕ್ಕ 60 ವ್ಯಾಟ್ ಆದರೂ ವೇಗ ಏರಿಸುವ ಟರ್ಬೊದಲ್ಲಿ 89ರವರೆಗೆ ಏರುತ್ತದೆ. ನಷ್ಟ ಸೇರಿಸಿದರೆ ಪ್ರೊಸೆಸರ್ ಒಂದೇ 100 ವ್ಯಾಟ್ ತಿನ್ನುತ್ತದೆ. ಬೋರ್ಡಿನ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ನಲ್ಲಿ ಪವರ್ ಲಿಮಿಟ್ ಇಳಿಸುವ ಅವಕಾಶವಿದ್ದರೆ 60ಕ್ಕೆ ಕಟ್ಟಿಹಾಕಿ. ಇಲ್ಲದಿದ್ದರೆ ಈ ಎಸ್‌ಎಂಪಿಎಸ್ ಅದಕ್ಕೆ ಬೇಡ.

ಲೇಬಲ್‌ನಲ್ಲಿ ಆಂಪಿಯರ್ ಪಟ್ಟಿಯೇ ಇಲ್ಲದ ಎಸ್‌ಎಂಪಿಎಸ್ ಅನ್ನು ಯಾವ ಬೋರ್ಡಿಗೂ ಹಾಕಬೇಡಿ. ಪ್ರೊಸೆಸರ್‌ಗೆ ಕೊಡುವ 4 ಪಿನ್ ಪ್ಲಗ್ ಇಲ್ಲದ್ದನ್ನೂ ಬಿಟ್ಟುಬಿಡಿ. ಹಳೆಯ ಡಿಸ್ಕ್‌ಗಳಿಗೆ ಕರೆಂಟ್ ಕೊಡುವ ಮೋಲೆಕ್ಸ್ ಪ್ಲಗ್ಗಿನಿಂದ 4 ಪಿನ್ ಮಾಡುವ ಅಡಾಪ್ಟರ್ ಸಿಗುತ್ತದೆ ನಿಜ, ಆದರೆ 4 ಪಿನ್ ಪ್ಲಗ್ ಬರುವ ಮುಂಚಿನ ಎಸ್‌ಎಂಪಿಎಸ್‌ನ 12 ವೋಲ್ಟ್‌ಗೆ ಇಷ್ಟು ಭಾರ ಹೊರುವ ತಾಕತ್ತು ಇರುವುದಿಲ್ಲ.

ಬೋರ್ಡಿಗೆ ಹಾಕದೆ ಪರೀಕ್ಷೆ

ಹಿಂಬದಿಯಲ್ಲಿ 115/230 ಎಂದು ಬರೆದ ಕೆಂಪು ಸ್ವಿಚ್ ಇದ್ದರೆ ಅದು 230ರಲ್ಲಿದೆಯೇ ನೋಡಿ. 115ರಲ್ಲಿಟ್ಟು ನಮ್ಮ ಕರೆಂಟ್ ಕೊಟ್ಟರೆ ಎಸ್‌ಎಂಪಿಎಸ್ ಆ ಕ್ಷಣವೇ ಸಿಡಿದು ಹೋಗುತ್ತದೆ. ಫ್ಯಾನ್ ಜಾಲರಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ, ಕಂದು ಬಣ್ಣದ ಅಂಟು ಒಸರಿದ್ದರೆ ಅಲ್ಲಿಗೆ ಬಿಡಿ. ಡಬ್ಬಿ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು.

ಒಂದು ಹಳೆಯ ಸಿಡಿ ಡ್ರೈವ್ ಅಥವಾ ಹಾರ್ಡ್ ಡಿಸ್ಕನ್ನು ಮೋಲೆಕ್ಸ್‌ಗೆ ಸಿಕ್ಕಿಸಿ. ಸ್ವಲ್ಪವಾದರೂ ಹೊರೆ ಇಲ್ಲದಿದ್ದರೆ ಹಳೆಯ ಎಸ್‌ಎಂಪಿಎಸ್ ಸರಿಯಾದ ವೋಲ್ಟೇಜ್ ತೋರಿಸುವುದಿಲ್ಲ. ಗೋಡೆಯ ಸ್ವಿಚ್ ಆಫ್ ಇರುವಾಗ ದೊಡ್ಡ ಪ್ಲಗ್ಗಿನ ಹಸಿರು ವೈರಿನ ತೂತಿಗೂ ಪಕ್ಕದ ಕಪ್ಪು ವೈರಿನ ತೂತಿಗೂ ಬಾಗಿಸಿದ ಪೇಪರ್ ಕ್ಲಿಪ್ ಹಾಕಿ, ಆಮೇಲೆ ಆನ್ ಮಾಡಿ. ಫ್ಯಾನ್ ತಿರುಗಬೇಕು. ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗಿಟ್ಟು ಕಪ್ಪು ಕಡ್ಡಿಯನ್ನು ಕಪ್ಪು ವೈರಿಗೆ ಹಿಡಿಯಿರಿ. ಹಳದಿಯಲ್ಲಿ 11.40ರಿಂದ 12.60, ಕೆಂಪು ಮತ್ತು ನೇರಳೆಯಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ಇರಬೇಕು. ಬೂದು ಬಣ್ಣದ ವೈರ್ ‘ಪವರ್ ಗುಡ್’ ಸಂಕೇತದ್ದು. ಅದರಲ್ಲಿಯೂ 5 ವೋಲ್ಟ್ ಆಸುಪಾಸು ಬರದಿದ್ದರೆ ಬೋರ್ಡ್ ಏಳುವುದೇ ಇಲ್ಲ.

ಬಣ್ಣಗಳ ಸಾಲನ್ನೂ ಈಗಲೇ ತಾಳೆ ನೋಡಿ. ಪ್ಲಗ್ಗನ್ನು ಹಿಡಿದಿಡುವ ಲಾಕ್ (ಕೊಂಡಿ) ಇಲ್ಲದ ಬದಿಯಲ್ಲಿ ಕಿತ್ತಳೆ, ಕಿತ್ತಳೆ, ಕಪ್ಪು, ಕೆಂಪು, ಕಪ್ಪು, ಕೆಂಪು, ಕಪ್ಪು, ಬೂದು, ನೇರಳೆ, ಹಳದಿ. ಲಾಕ್ ಇರುವ ಬದಿಯಲ್ಲಿ ಕಿತ್ತಳೆ, ನೀಲಿ, ಕಪ್ಪು, ಹಸಿರು, ಮೂರು ಕಪ್ಪು, ಬಿಳಿ, ಕೊನೆಗೆ ಎರಡು ಕೆಂಪು. ಲಾಕ್ ಬದಿಯ ಮೊದಲ ಕಿತ್ತಳೆಯ ಜತೆ ತೆಳ್ಳಗಿನ ಕಂದು ವೈರ್ ಸೇರಿರಬಹುದು, ಚಿಂತೆಯಿಲ್ಲ. ಬಿಳಿ ವೈರಿನದು ಮೈನಸ್ 5 ವೋಲ್ಟ್, ಹೊಸ ಬೋರ್ಡಿನಲ್ಲಿ ಅದರ ಎದುರಿನ ಪಿನ್‌ಗೆ ಕೆಲಸವಿಲ್ಲ, ತೊಂದರೆಯೂ ಇಲ್ಲ. ಆದರೆ ಉಳಿದ ಕ್ರಮ ಬೇರೆಯಾಗಿದ್ದರೆ ಆ ಪ್ಲಗ್ ಬೋರ್ಡಿಗೆ ತಾಗಬಾರದು. 1990ರ ದಶಕದ ಕೊನೆಯ ಡೆಲ್ ಕಂಪ್ಯೂಟರ್‌ಗಳಲ್ಲಿ ಪ್ಲಗ್ಗಿನ ಆಕಾರ ಎಟಿಎಕ್ಸ್‌ನದೇ, ಒಳಗಿನ ವೈರ್ ಕ್ರಮ ಮಾತ್ರ ಬೇರೆ. ಅದು ಸಲೀಸಾಗಿ ಕೂತು ಬೋರ್ಡನ್ನು ಸುಡುತ್ತದೆ.

ಪ್ಲಗ್ ಕೂರಿಸುವುದು

ಗೋಡೆಯ ಪ್ಲಗ್ ಕಿತ್ತಿಡಿ. ಬೋರ್ಡಿನ 24 ಪಿನ್‌ನ ಒಂದು ತುದಿಯಲ್ಲಿ ‘1’ ಎಂದು ಅಚ್ಚಾಗಿರುತ್ತದೆ. ಪ್ಲಗ್ಗಿನ ಎದುರುಬದುರು ಕಿತ್ತಳೆ ವೈರ್‌ಗಳಿರುವ ತುದಿ ಅಲ್ಲಿಗೆ ಬರಬೇಕು. ಹಳದಿ ಮತ್ತು ಕೆಂಪು ಇರುವ ತುದಿಯ ಆಚೆ ನಾಲ್ಕು ಪಿನ್ ಖಾಲಿ ಕಾಣಬೇಕು, ಅವು 11, 12, 23, 24. ಪ್ಲಗ್ಗಿನ ಕಂಬಗಳಲ್ಲಿ ಕೆಲವು ಚೌಕ, ಕೆಲವಕ್ಕೆ ಮೂಲೆ ಕತ್ತರಿಸಿರುತ್ತದೆ. ಸರಿಯಾಗಿ ಹಿಡಿದರೆ ಒಂದೇ ಒತ್ತಿಗೆ ಇಳಿಯುತ್ತದೆ, ಇಳಿಯದಿದ್ದರೆ ಬಲ ಹಾಕಬೇಡಿ. ಕೂತ ಮೇಲೆ ಲಾಕ್ ಹಿಡಿದಿದೆಯೇ ಎಂದು ಮೆಲ್ಲಗೆ ಎಳೆದು ನೋಡಿ. ಕೆಲವು ಬೋರ್ಡ್‌ಗಳಲ್ಲಿ ಖಾಲಿ ಪಿನ್‌ಗಳ ಪಕ್ಕದ ಕೆಪಾಸಿಟರ್ ಅಡ್ಡ ಬಂದು ಪ್ಲಗ್ ಓರೆಯಾಗುತ್ತದೆ.

20ರಿಂದ 24ರ ಅಡಾಪ್ಟರ್ ಹಾಕಲೂಬಹುದು, ಆದರೆ ಅದರಿಂದ ಶಕ್ತಿ ಹೆಚ್ಚುವುದಿಲ್ಲ. ಇರುವ ಒಂದೇ ಹಳದಿ ವೈರನ್ನು ಅದು ಎರಡಾಗಿ ಕವಲೊಡೆಸುತ್ತದೆ, ನಡುವೆ ಸಡಿಲವಾಗಬಲ್ಲ ಇನ್ನೊಂದು ಜೋಡಣೆ ಸೇರಿಸುತ್ತದೆ. ನೇರವಾಗಿ ಕೂರುವ ಪ್ಲಗ್ ಇದ್ದರೆ ಅದೇ ಮೇಲು.

ಇನ್ನು ಪ್ರೊಸೆಸರ್‌ನ 4 ಪಿನ್. ಬೋರ್ಡಿನಲ್ಲಿ 8 ಪಿನ್ ಇದ್ದರೆ ಅರ್ಧಕ್ಕೆ ಇದು ಕೂರುತ್ತದೆ, ಉಳಿದರ್ಧ ಖಾಲಿ ಬಿಡಿ. 100 ವ್ಯಾಟ್ ಎಂದರೆ ಎಂಟೂಕಾಲು ಆಂಪಿಯರ್ ಸುಮಾರು. ಎರಡು ಹಳದಿ ವೈರಿಗೆ ಹಂಚಿದಾಗ ಒಂದೊಂದಕ್ಕೆ ನಾಲ್ಕರ ಮೇಲೆ ಸ್ವಲ್ಪ, ತಾಳುತ್ತವೆ. ಇಲ್ಲಿ ಹಳದಿ ವೈರ್‌ಗಳು ಲಾಕ್ ಇರುವ ಬದಿಯಲ್ಲಿರುತ್ತವೆ. ಗ್ರಾಫಿಕ್ಸ್ ಕಾರ್ಡಿನ 6 ಪಿನ್ ಪ್ಲಗ್ಗಿನಲ್ಲಿ ಲಾಕ್ ಬದಿಗೆ ಇರುವುದು ಕಪ್ಪು. ಆದ್ದರಿಂದ ಅದನ್ನು ಇಲ್ಲಿ ತುರುಕಿದರೆ ನೇರ ಶಾರ್ಟ್.

ಈಗಿನ ಬಗೆಯ ಸಾಟಾ ಡಿಸ್ಕಿಗೆ ಮೋಲೆಕ್ಸ್‌ನಿಂದ ಅಡಾಪ್ಟರ್ ಬೇಕಾಗುತ್ತದೆ. ವೈರ್‌ಗಳು ಪ್ಲಾಸ್ಟಿಕ್‌ನಲ್ಲಿ ಒಂದಾಗಿ ಅಚ್ಚು ಹೊಯ್ದಂತಿರುವ ಅಡಾಪ್ಟರ್ ಕೊಳ್ಳಬೇಡಿ, ಅವು ಒಳಗೇ ಶಾರ್ಟ್ ಆಗಿ ಹೊತ್ತಿಕೊಂಡದ್ದುಂಟು. ಒಂದೊಂದು ವೈರೂ ಬೇರೆ ಬೇರೆಯಾಗಿ ಕಚ್ಚಿ ಕೂತಿರುವುದನ್ನು ಕೇಳಿ ತೆಗೆದುಕೊಳ್ಳಿ.

ಗ್ರಾಫಿಕ್ಸ್ ಕಾರ್ಡ್ ಬಗ್ಗೆ ಖಡಾಖಂಡಿತವಾಗಿ ಹೇಳುವುದಾದರೆ, ಬೇಡ. ಜಿಟಿಎಕ್ಸ್ 1050 ಟಿಐ ತರಹದ, ಬೇರೆ ಪ್ಲಗ್ ಕೇಳದ ಕಾರ್ಡ್ ಕೂಡ ಬೋರ್ಡಿನ ಸ್ಲಾಟ್‌ನಿಂದ 75 ವ್ಯಾಟ್‌ವರೆಗೆ ಎಳೆಯುತ್ತದೆ. 12 ವೋಲ್ಟ್‌ನಲ್ಲಿ ಸ್ಲಾಟ್ ಕೊಡಬಹುದಾದ ಮಿತಿ 5.5 ಆಂಪಿಯರ್. 24 ಪಿನ್ ಪ್ಲಗ್ಗಿನಲ್ಲಿ ಅದು ಎರಡು ಪಿನ್‌ಗೆ ಹಂಚಿಹೋಗುತ್ತದೆ, 20ರಲ್ಲಿ ಒಂದೇ ಪಿನ್ ಮೇಲೆ ಬೀಳುತ್ತದೆ. ಫ್ಯಾನ್‌ಗಳ ಕರೆಂಟೂ ಅದೇ ದಾರಿಯಲ್ಲಿ ಬರಬೇಕು.

ಆನ್ ಮಾಡಿದ ಮೇಲೆ

ಪ್ರೈಮ್95 ತರಹದ ತಂತ್ರಾಂಶದಿಂದ ಪ್ರೊಸೆಸರನ್ನು ಅರ್ಧ ಗಂಟೆ ಪೂರ್ತಿ ದುಡಿಸಿ, ಖಾಲಿ ಮೋಲೆಕ್ಸ್‌ನ ಹಳದಿ ಮತ್ತು ಕಪ್ಪಿನ ನಡುವೆ ಅಳೆಯುತ್ತಿರಿ. 11.4ಕ್ಕಿಂತ ಕೆಳಗಿಳಿದರೆ ನಿಲ್ಲಿಸಿ. ಸಾಮಾನ್ಯ ಕೆಲಸದಲ್ಲಿ ಚೆನ್ನಾಗಿದ್ದು, ಭಾರ ಬಿದ್ದಾಗ ತಾನಾಗಿ ರೀಸ್ಟಾರ್ಟ್ ಆಗುವುದಕ್ಕೂ ಬಹುಪಾಲು ಇದೇ ಕಾರಣ.

ಫ್ಯಾನ್ ತಿರುಗುತ್ತದೆ, ಪರದೆಯಲ್ಲಿ ಏನೂ ಬರುವುದಿಲ್ಲ ಎಂದಾದರೆ ಹೆಚ್ಚಾಗಿ 4 ಪಿನ್ ಪ್ಲಗ್ ಮರೆತಿರುತ್ತೀರಿ ಅಥವಾ ಅದು ಪೂರ್ತಿ ಕೂತಿಲ್ಲ. ಬೋರ್ಡಿನ ದೀಪ ಉರಿಯುತ್ತಿದ್ದರೂ ಬಟನ್ ಒತ್ತಿದರೆ ಏಳದಿದ್ದರೆ ನೇರಳೆ ವೈರ್ ಅಳೆಯಿರಿ. ಹಳೆಯ ಎಸ್‌ಎಂಪಿಎಸ್‌ಗಳಲ್ಲಿ ಆ ವೈರಿನ ಸ್ಟ್ಯಾಂಡ್‌ಬೈ (ಕಂಪ್ಯೂಟರ್ ಆಫ್ ಇದ್ದಾಗಲೂ ಬರುವ) 5 ವೋಲ್ಟ್‌ಗೆ 1 ಆಂಪಿಯರ್‌ಗಿಂತ ಕಡಿಮೆ ಇರುವುದೂ ಉಂಟು. ಯುಎಸ್‌ಬಿಗೆ ಹಾಕಿದ್ದನ್ನೆಲ್ಲ ಕಿತ್ತು ಇನ್ನೊಮ್ಮೆ ಒತ್ತಿ ನೋಡಿ. ಸುಮ್ಮನಿದ್ದಾಗ ಅಥವಾ ಸ್ಲೀಪ್‌ಗೆ ಹೋದಾಗ ಆಫ್ ಆಗುವುದು ಬೇರೆಯೇ ರೋಗ. 2013ರ ಇಂಟೆಲ್ ಹ್ಯಾಸ್‌ವೆಲ್ ಪೀಳಿಗೆಯಿಂದ ಈಚೆಗಿನ ಪ್ರೊಸೆಸರ್‌ಗಳು ಕೆಲಸವಿಲ್ಲದಾಗ 12 ವೋಲ್ಟ್‌ನಲ್ಲಿ 0.05 ಆಂಪಿಯರ್‌ಗೆ ಇಳಿಯಬಲ್ಲವು. ಅಷ್ಟು ಕಡಿಮೆ ಹೊರೆಯಲ್ಲಿ ಹಳೆಯ ಎಸ್‌ಎಂಪಿಎಸ್ ವೋಲ್ಟೇಜ್ ಹಿಡಿದಿಡಲಾರದೆ ಬಂದ್ ಆಗುತ್ತದೆ. ಬಯೋಸ್‌ನಲ್ಲಿ ಸಿ6, ಸಿ7 ಎಂಬ ಆಳ ನಿದ್ರೆಯ ಸ್ಥಿತಿಗಳನ್ನು ಆಫ್ ಮಾಡಿದರೆ ಸರಿಹೋಗುತ್ತದೆ.

ಒಂದು ವಾರ ಓಡಿಸಿದ ಮೇಲೆ ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ದೊಡ್ಡ ಪ್ಲಗ್ಗನ್ನು ಹೊರತೆಗೆದು ಹಳದಿ ವೈರಿನ ತೂತನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತಲಿನ ಬಿಳಿ ಪ್ಲಾಸ್ಟಿಕ್ ಕಂದು ತಿರುಗಿದ್ದರೆ, ಸುಟ್ಟ ವಾಸನೆ ಇದ್ದರೆ, ಆ ಪಿನ್ ತನ್ನ ಮಿತಿ ಮೀರಿ ಕಾದಿದೆ. ಅದೇ ಎಸ್‌ಎಂಪಿಎಸ್ ಅನ್ನು ಮತ್ತೆ ಆ ಬೋರ್ಡಿಗೆ ಸಿಕ್ಕಿಸಬೇಡಿ.