ಹಿಂದಿನ ಚಕ್ರ ಅಗಲ ಮಾಡುವ ಮೊದಲು ಸ್ಪ್ರಿಂಗ್ ಬಿಚ್ಚಿ ನೋಡಿ

ಅಗಲದ ರಿಮ್ ಹಾಕಿ, ಅಂಗಳದಲ್ಲಿ ಒಂದು ಸುತ್ತು ಹೊಡೆದು, ಎಲ್ಲೂ ತಾಗಲಿಲ್ಲ ಎಂದು ಸಮಾಧಾನಪಡುವವರೇ ಹೆಚ್ಚು. ಆಮೇಲೆ ಚೆರ್ಕಳ–ಜಾಲ್ಸೂರು ರಸ್ತೆಯ ಯಾವುದೋ ತಿರುವಿನ ಹೊಂಡದಲ್ಲಿ ಹಿಂದಿನ ಚಕ್ರ ಮೇಲೆದ್ದು ಮಡ್‌ಗಾರ್ಡಿನ ಅಂಚಿಗೆ ಉಜ್ಜುತ್ತದೆ, ಸೈಡ್‌ವಾಲ್ ಕೊಯ್ದುಹೋಗುತ್ತದೆ. ನಿಂತ ಕಾರಿನಲ್ಲಿ ಕಾಣುವ ಜಾಗವನ್ನು ಲೆಕ್ಕಕ್ಕೆ ಹಿಡಿಯಬಾರದು. ಸ್ಪ್ರಿಂಗ್ ಕುಗ್ಗಿ ಚಕ್ರ ತನ್ನ ಏರಿಳಿತದ ತುತ್ತತುದಿಗೆ ಏರಿದಾಗ ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನೇ ಅಳೆಯಬೇಕು.

ಉದಾಹರಣೆಗೆ 1989ರಲ್ಲಿ ಬಂದ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ತೆಗೆದುಕೊಳ್ಳೋಣ. ಹಿಂದೆ ಡಬಲ್ ವಿಶ್‌ಬೋನ್, ಅಂದರೆ ಪ್ರತಿ ಚಕ್ರವನ್ನು ಮೇಲೊಂದು ಕೆಳಗೊಂದು ಆರ್ಮ್ (ತೋಳು) ಹಿಡಿದಿರುತ್ತದೆ; ಕೆಳಗಿನ ಆರ್ಮಿನ ಒಳತುದಿಯ ಎರಡು ಎಕ್ಸೆಂಟ್ರಿಕ್ ಬೋಲ್ಟುಗಳಿಂದ (ನಡು ತಪ್ಪಿದ ಬಿಲ್ಲೆ, ಅಂದರೆ ಕ್ಯಾಮ್, ಇರುವ ಬೋಲ್ಟು) ಕ್ಯಾಂಬರ್ (ಚಕ್ರದ ತಲೆ ಒಳಗೆ ಅಥವಾ ಹೊರಗೆ ವಾಲಿದ ಕೋನ), ಟೋ (ಚಕ್ರದ ಮುಂಭಾಗ ಒಳಗೆ ಅಥವಾ ಹೊರಗೆ ತಿರುಗಿರುವುದು) ಎರಡನ್ನೂ ಬದಲಾಯಿಸಬಹುದು. ಬೇರೆ ಕಾರಾದರೆ ಅಂಕಿಗಳು ಬದಲಾಗುತ್ತವೆ, ಕ್ರಮ ಇದೇ.

ಮೊದಲು ಕಾಗದದ ಮೇಲೆ ಲೆಕ್ಕ. 1.6 ಲೀಟರ್ ಕಾರಿನ ಮೂಲ ರಿಮ್ 14 ಇಂಚು, ಅಗಲ 5.5 ಇಂಚು, ಆಫ್‌ಸೆಟ್ (ಹಬ್‌ಗೆ, ಅಂದರೆ ಚಕ್ರ ಕೂರುವ ಭಾಗಕ್ಕೆ, ತಾಗುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಹೊರಗಿದೆ ಎಂಬ ಅಳತೆ) 45 ಮಿ.ಮೀ. ಹಾಕಬೇಕಾದದ್ದು 15 ಇಂಚು, ಅಗಲ 8 ಇಂಚು, ಆಫ್‌ಸೆಟ್ 25 ಎಂದಿಟ್ಟುಕೊಳ್ಳಿ. ಅಗಲದ ವ್ಯತ್ಯಾಸ 63.5 ಮಿ.ಮೀ., ಅದರ ಅರ್ಧ ಸುಮಾರು 32. ಆಫ್‌ಸೆಟ್ 20 ಕಡಿಮೆಯಾದ್ದರಿಂದ ರಿಮ್ ಒಳಗೆ 12 ಮಿ.ಮೀ., ಹೊರಗೆ 52 ಮಿ.ಮೀ. ಹೆಚ್ಚು ಚಾಚುತ್ತದೆ. 185/60 ಆರ್14 ಟೈರಿನ ವ್ಯಾಸ 578 ಮಿ.ಮೀ., 205/50 ಆರ್15ರದ್ದು 586. ಸ್ಪೀಡೋಮೀಟರಿನ ವ್ಯತ್ಯಾಸ ಶೇ 1.5ರೊಳಗೆ. ಬೋಲ್ಟ್ ವೃತ್ತ 4×100 (100 ಮಿ.ಮೀ. ವ್ಯಾಸದ ವೃತ್ತದಲ್ಲಿ ನಾಲ್ಕು ಬೋಲ್ಟು), ಹಬ್‌ನ ನಡುಗುಂಡು 54.1 ಮಿ.ಮೀ. ರಿಮ್ಮಿನ ತೂತು ಅದಕ್ಕಿಂತ ದೊಡ್ಡದಿದ್ದರೆ ಅಳತೆಗೆ ಸರಿಯಾದ ಸೆಂಟರ್ ರಿಂಗ್ ಹಾಕಲೇಬೇಕು. ಇಲ್ಲದಿದ್ದರೆ 80 ಕಿ.ಮೀ. ವೇಗದಲ್ಲಿ ಬರುವ ನಡುಕವನ್ನು ಬ್ಯಾಲೆನ್ಸಿಂಗ್ ಎಂದು ತಪ್ಪು ತಿಳಿದು ಹಣ ಸುರಿಯುತ್ತೀರಿ.

ಆಫ್‌ಸೆಟ್ ಹೊಂದದ ರಿಮ್ಮನ್ನು ಅಗ್ಗಕ್ಕೆ ಕೊಂಡು ಸ್ಪೇಸರ್ (ಹಬ್ ಮತ್ತು ರಿಮ್ ನಡುವೆ ಇಡುವ ಲೋಹದ ಬಿಲ್ಲೆ) ಇಟ್ಟು ಸರಿಮಾಡುವುದು ಬೇಡ. ಅದರಲ್ಲೂ ನಾಲ್ಕೈದು ಬಗೆಯ ಕಾರಿಗೆ ಆಗಲೆಂದು ಹತ್ತಾರು ತೂತು ಕೊರೆದ ಎರಕದ ಸ್ಪೇಸರನ್ನು ಮುಟ್ಟಲೇಬೇಡಿ. ನಟ್ಟು ಕನಿಷ್ಠ ಎಂಟು ಪೂರ್ತಿ ಸುತ್ತು ಏರಬೇಕು. ಸ್ಪೇಸರ್ ಇಟ್ಟಾಗ ಮೊದಲು ಕೊರತೆಯಾಗುವುದೇ ಅದು.

ಇನ್ನು ಬಿಚ್ಚುವುದು. ಜಾಕಿ ಕೊಡುವ ಮೊದಲೇ, ಸಮತಟ್ಟು ನೆಲದಲ್ಲಿ ಹಬ್‌ನ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಎಷ್ಟು ದೂರ ಎಂದು ಅಳೆದು ಎರಡೂ ಬದಿಯದ್ದನ್ನು ಬರೆದಿಡಿ. ನೆಲದಿಂದ ಅಳೆಯಬೇಡಿ, ಟೈರ್ ಬದಲಾದರೆ ಆ ಅಂಕಿ ಹಾಳು. ಈ ದೂರ ಕೊನೆಯಲ್ಲಿ ಬೇಕಾಗುತ್ತದೆ.

ಕ್ಯಾಂಬರ್, ಟೋ ಹೊಂದಿಸಲು ಸಡಿಲವಾಗಬೇಕಾದ ಎಕ್ಸೆಂಟ್ರಿಕ್ ಬೋಲ್ಟು ಬಿಚ್ಚುವಲ್ಲೇ ಅರ್ಧ ಕೆಲಸ ಕೆಡುವುದು. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ಬೋಲ್ಟಿನ ನಡುಭಾಗ ಬುಷ್‌ನ (ಆರ್ಮಿನ ತುದಿಯ ರಬ್ಬರ್ ಕೀಲು) ಒಳಗಿನ ಉಕ್ಕಿನ ಕೊಳವೆಗೆ ತುಕ್ಕಿನಿಂದ ಬೆಸೆದುಕೊಂಡಿರುತ್ತದೆ. ನಟ್ಟು ಸಲೀಸಾಗಿ ಬರುತ್ತದೆ, ಬೋಲ್ಟು ಮಾತ್ರ ಅಲುಗದು. ಇಂಪ್ಯಾಕ್ಟ್ ಗನ್ ಇಟ್ಟು ತಿರುಗಿಸಿದರೆ ಬುಷ್‌ನ ರಬ್ಬರ್ ಹರಿಯುತ್ತದೆ, ಕ್ಯಾಮ್ ತಡೆಯುವ ಸಬ್‌ಫ್ರೇಮಿನ (ಆರ್ಮುಗಳನ್ನು ಹೊತ್ತ ಚೌಕಟ್ಟು) ತಗಡು ಬಾಗುತ್ತದೆ. ಆ ತಗಡು ಬಾಗಿದ ಮೇಲೆ ಅಲೈನ್‌ಮೆಂಟ್ ನಿಲ್ಲುವುದಿಲ್ಲ. ಗ್ಯಾಸ್ ಕಟ್ಟರಿನಿಂದ ಕಾಯಿಸುವುದೂ ಬೇಡ. ಪೆಟ್ರೋಲ್ ಟ್ಯಾಂಕ್ ಅಲ್ಲೇ ಹತ್ತಿರದಲ್ಲಿದೆ.

ಮೂರು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆಯನ್ನು ಬೆಳಿಗ್ಗೆ, ಸಂಜೆ ಬುಷ್‌ನ ಎರಡೂ ತುದಿಗೆ ಹೊಡೆಯಿರಿ. ಕ್ಯಾಮ್ ಇದ್ದ ಜಾಗಕ್ಕೆ ಪೇಂಟಿನ ಗುರುತು ಹಾಕಿ. ಉದ್ದ ಹಿಡಿಯ ಪಾನದಿಂದ ಮೊದಲು ಬಿಗಿಯುವ ದಿಕ್ಕಿಗೆ ಒಂದಿಷ್ಟು, ಆಮೇಲೆ ಬಿಚ್ಚುವ ದಿಕ್ಕಿಗೆ. ಹೀಗೆ ಹಿಂದೆ ಮುಂದೆ ಆಡಿಸುತ್ತಾ ಹೋಗಬೇಕು. ಸುತ್ತಿಗೆ ಹಾಕುವುದಾದರೆ ಹಳೆಯ ನಟ್ಟೊಂದನ್ನು ತುದಿಗೆ ಹಾಕಿ ಅದರ ಮೇಲೆ ಹೊಡೆಯಿರಿ, ಥ್ರೆಡ್ ಉಳಿಯುತ್ತದೆ. ಇಷ್ಟಕ್ಕೂ ಬಾರದಿದ್ದರೆ ಬುಷ್ ಮತ್ತು ಬ್ರಾಕೆಟ್ಟಿನ ಸಂದಿಯಲ್ಲಿ ಹ್ಯಾಕ್‌ಸಾ ಬ್ಲೇಡ್ ತೂರಿಸಿ ಎರಡೂ ಬದಿ ಕೊಯ್ಯುವುದೇ ದಾರಿ. ಹೊಸ ಬೋಲ್ಟು, ಕ್ಯಾಮ್ ವಾಷರ್, ಬುಷ್‌ಗಳನ್ನು ಕೆಲಸ ಶುರುವಾಗುವ ಮೊದಲೇ ತರಿಸಿಟ್ಟುಕೊಳ್ಳಿ. ಬುಷ್ ರಬ್ಬರಿನದ್ದೇ ಇರಲಿ. ಗ್ರೀಸು ಕಾಣದ ಪಾಲಿಯುರೆಥೇನ್ ಬುಷ್ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಿರುಗುಟ್ಟತೊಡಗುತ್ತದೆ.

ಈಗ ನಿಜವಾದ ಪರೀಕ್ಷೆ. ಕಾರನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ ಶಾಕ್ (ಶಾಕ್ ಅಬ್ಸಾರ್ಬರ್) ಸ್ಪ್ರಿಂಗ್ ಸಮೇತ ಹೊರತೆಗೆಯಿರಿ. ಬ್ರೇಕಿನ ಹೋಸ್ ಮೇಲೆ ಭಾರ ಬೀಳದಂತೆ ನೋಡಿ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಮೇಲಿನ ನಟ್ಟು ಬಿಚ್ಚಲೇಬಾರದು, ಕಟ್ಟಿನಿಂದ ಬಿಟ್ಟ ಸ್ಪ್ರಿಂಗ್ ದವಡೆ ಒಡೆಯುತ್ತದೆ. ಸ್ಪ್ರಿಂಗ್ ಬದಿಗಿಟ್ಟು, ಬಂಪ್ ಸ್ಟಾಪ್ (ಏರಿಳಿತದ ತುದಿಯಲ್ಲಿ ತಡೆಯುವ ಮೆತ್ತನೆಯ ತುಂಡು) ಸಮೇತ ಶಾಕನ್ನು ಮಾತ್ರ ವಾಪಸ್ ಕೂರಿಸಿ. ಹೊಸ ಚಕ್ರವನ್ನು ಟೈರ್ ಸಮೇತ ಹಾಕಿ, ಕೆಳಗಿನ ಆರ್ಮಿಗೆ ಜಾಕಿ ಕೊಟ್ಟು ಬಂಪ್ ಸ್ಟಾಪ್ ಅರ್ಧಕ್ಕೆ ಕುಗ್ಗುವವರೆಗೆ ಎತ್ತಿ. ಮಕ್ಕಳು ಆಡುವ ಮೆತ್ತಗಿನ ಕ್ಲೇಯನ್ನು ಉಂಡೆ ಮಾಡಿ ಮಡ್‌ಗಾರ್ಡಿನ ಅಂಚು, ಶಾಕಿನ ಮೈ, ಮೇಲಿನ ಆರ್ಮು, ಇಷ್ಟಕ್ಕೆ ಮೊದಲೇ ಅಂಟಿಸಿಟ್ಟಿರಬೇಕು. ಇಳಿಸಿದ ಮೇಲೆ ಉಂಡೆಯನ್ನು ಕೊಯ್ದು ಉಳಿದ ದಪ್ಪ ಅಳೆಯಿರಿ. ರಿಮ್ ಮತ್ತು ಶಾಕಿನ ನಡುವೆ 5 ಮಿ.ಮೀ. ಸಾಕು. ಟೈರ್ ಮತ್ತು ಮಡ್‌ಗಾರ್ಡಿನ ನಡುವೆ 8 ಬೇಕು, ತಿರುವಿನಲ್ಲಿ ಟೈರ್ ಬದಿಗೆ ವಾಲುತ್ತದೆ.

ಹೊರಗೆ ಜಾಗ ಸಾಲದಿದ್ದರೆ ಎಲ್ಲರೂ ಕ್ಯಾಂಬರಿಗೆ ಕೈಹಾಕುತ್ತಾರೆ. ಕೆಳಗಿನ ಆರ್ಮನ್ನು ಹೊರಗೆ ತಳ್ಳಿದಾಗ ಚಕ್ರದ ಬುಡ ಹೊರಗೆ ಹೋಗುತ್ತದೆ, ತಲೆ ಒಳಬರುವುದು ಸ್ವಲ್ಪವೇ. ಮೇಲಿನ ಆರ್ಮ್ ಸೇರುವ ಜಾಗದಿಂದ ಟೈರಿನ ಮೇಲಂಚಿಗೆ 160 ಮಿ.ಮೀ. ಎತ್ತರವಿದ್ದರೆ ಒಂದು ಡಿಗ್ರಿಗೆ ಸಿಗುವುದು 3 ಮಿ.ಮೀ. ಮಾತ್ರ. ಮೈನಸ್ 2 ಡಿಗ್ರಿಗಿಂತ ಮುಂದೆ ಹೋಗಬೇಡಿ, ಟೈರಿನ ಒಳ ಅಂಚು ಬೇಗ ಸವೆದು ತಂತಿ ಕಾಣುತ್ತದೆ. ಆಮೇಲೂ ಸಾಲದಿದ್ದರೆ ಮಡ್‌ಗಾರ್ಡಿನ ಒಳ ಅಂಚನ್ನು ಹೀಟ್ ಗನ್‌ನಿಂದ ಕೈಗೆ ಚುರುಕು ತಾಗುವಷ್ಟು ಬಿಸಿಮಾಡಿ ನಿಧಾನವಾಗಿ ಮಡಚಬೇಕು. ತಣ್ಣಗಿದ್ದಾಗ ಮಡಚಿದರೆ ಪೇಂಟ್ ಬಿರಿದು ಆ ಗೆರೆಯಿಂದಲೇ ತುಕ್ಕು ಹಿಡಿಯುತ್ತದೆ. ಟೈರ್ ಮತ್ತು ಅಂಚಿನ ನಡುವೆ ಬೇಸ್‌ಬಾಲ್ ಬ್ಯಾಟು ತೂರಿಸಿ ಕಾರನ್ನು ಹಿಂದೆ ಮುಂದೆ ತಳ್ಳಿ ಅಂಚು ಮಡಚುವವರಿದ್ದಾರೆ. ಅಂಚು ಅಲೆಅಲೆಯಾಗುತ್ತದೆ, ಬೇಡ.

ಜೋಡಿಸುವಾಗ ಬೋಲ್ಟಿನ ನಡುಭಾಗಕ್ಕೆ ಮಾತ್ರ ಆಂಟಿ-ಸೀಜ್ (ತುಕ್ಕು ಹಿಡಿದು ಬೆಸೆಯದಂತೆ ತಡೆಯುವ ಪೇಸ್ಟ್) ಹಚ್ಚಿ, ಥ್ರೆಡ್ಡಿಗೆ ಬೇಡ. ಆರ್ಮಿನ ಬೋಲ್ಟುಗಳನ್ನು ಚಕ್ರ ನೇತಾಡುತ್ತಿರುವಾಗ ಬಿಗಿಯಬಾರದು. ರಬ್ಬರ್ ಬುಷ್ ಒಳಗೂ ಹೊರಗೂ ಉಕ್ಕಿಗೆ ಅಂಟಿಕೊಂಡಿರುತ್ತದೆ, ತಿರುಗುವುದಿಲ್ಲ, ತಿರುಚುತ್ತದೆ. ನೇತಾಡುವಾಗ ಬಿಗಿದರೆ ಕಾರು ನೆಲಕ್ಕಿಳಿದಾಗಿನಿಂದ ಸದಾ ತಿರುಚಿಯೇ ಇರುತ್ತದೆ: ಹಿಂಭಾಗ ಎತ್ತರ ನಿಲ್ಲುತ್ತದೆ, ಬುಷ್ ಬೇಗ ಹರಿಯುತ್ತದೆ. ಮೊದಲು ಬರೆದಿಟ್ಟ ದೂರ ಬರುವವರೆಗೆ ಆರ್ಮಿಗೆ ಜಾಕಿ ಕೊಟ್ಟು, ಆಗ ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಬಿಗಿಯಿರಿ. ಸ್ಪ್ರಿಂಗ್ ಬದಲಾಯಿಸಿ ಕಾರು ತಗ್ಗಿಸಿದ್ದರೆ ಹೊಸ ಎತ್ತರದ ದೂರವನ್ನೇ ಹಿಡಿಯಬೇಕು.

ಕೊನೆಗೆ ಅಲೈನ್‌ಮೆಂಟ್. ಮುಂದಿನ ಎರಡು ಚಕ್ರ ಮಾತ್ರ ನೋಡಿ ಕಳಿಸುವಲ್ಲಿಗೆ ಹೋಗಬೇಡಿ, ಹಿಂದಿನದ್ದನ್ನೂ ಹೊಂದಿಸುವ ಕಡೆ ಹೋಗಿ. ಕ್ಯಾಂಬರ್ ತಿರುಗಿಸಿದಾಗ ಟೋ ಕೂಡ ಕದಲುತ್ತದೆ. ಹಿಂದಿನ ಚಕ್ರಗಳು ಮುಂದಕ್ಕೆ ಹೊರಮುಖವಾದರೆ ಮಳೆಯಲ್ಲಿ ಬ್ರೇಕ್ ಹಾಕಿದಾಗ ಕಾರಿನ ಹಿಂಭಾಗ ಜಾರಿ ಸುತ್ತುತ್ತದೆ. ಒಟ್ಟು 1ರಿಂದ 2 ಮಿ.ಮೀ. ಒಳಮುಖ ಇರಲಿ.

ಕಾನೂನೂ ಗೊತ್ತಿರಲಿ. ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಬದಲಾವಣೆ ಸಲ್ಲದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮಡ್‌ಗಾರ್ಡ್ ದಾಟಿದ ಟೈರ್ ದೂರದಿಂದಲೇ ಕಾಣುತ್ತದೆ. ಈ ಕೆಲಸ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂಥ ಟ್ರ್ಯಾಕಿಗೆ ಕೊಂಡೊಯ್ಯುವ ಕಾರಿಗಷ್ಟೇ.

ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ 100ರಿಂದ 110 ನ್ಯೂಟನ್ ಮೀಟರಿಗೆ ಬಿಗಿದು, 100 ಕಿ.ಮೀ. ಓಡಿಸಿ ಮತ್ತೊಮ್ಮೆ ನೋಡಿ. ಆಗಲೇ ಟಾರ್ಚ್ ಹಿಡಿದು ಮಡ್‌ಗಾರ್ಡಿನ ಒಳಗೆ ಕಪ್ಪು ಉಜ್ಜಿದ ಗುರುತಿದೆಯೇ ಎಂದೂ ಪರೀಕ್ಷಿಸಿ.