ಸೇನೆಯ ಹಳೇ ಲಾರಿ ಎಷ್ಟು ಭಾರ ತಡೆಯುತ್ತೆ? ನೋಡೋದು ಹೀಗೆ

ಲಾರಿ ಎಷ್ಟು ಎಳೆಯುತ್ತೆ ಅಂತ ಕೇಳಿದ ಕೂಡಲೇ ಎಲ್ಲರೂ ಬಾನೆಟ್ ಎತ್ತುತ್ತಾರೆ. ಎಷ್ಟು ಹಾರ್ಸ್‌ಪವರ್, ಎಷ್ಟು ಗೇರು ಅನ್ನೋ ಲೆಕ್ಕ ಶುರುವಾಗುತ್ತೆ. ಸೇನೆಯಿಂದ ಹರಾಜಾಗಿ ಬಂದು, ಗ್ಯಾರೇಜಿನಲ್ಲಿ ರೂಪ ಬದಲಿಸಿಕೊಂಡ ಲಾರಿಯ ವಿಷಯದಲ್ಲಿ ಈ ದಾರಿ ಅಪಾಯದ್ದು. ಮೊದಲು ನೋಡಬೇಕಾದ್ದು ಆಕ್ಸಲ್ (ಎಡ-ಬಲ ಚಕ್ರ ಕೂರುವ ಅಚ್ಚು), ಟೈರು, ಬ್ರೇಕು. ಇಂಜಿನ್ ಸರದಿ ಕೊನೆಗೆ.

ಅಮೆರಿಕದ ಎಂ35ಎ2 ಲಾರಿಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಹರಾಜಿನಲ್ಲಿ ಕೊಂಡು ಮನೆಯಂಗಳದಲ್ಲಿ ಬಿಚ್ಚಿ ಕಟ್ಟುವವರಿಗೆ ಇದು ಅಚ್ಚುಮೆಚ್ಚು. ಮೂರು ಆಕ್ಸಲ್, ಮೂರಕ್ಕೂ ಇಂಜಿನ್ ಬಲ. ಖಾಲಿ ತೂಕ ಸುಮಾರು 5,900 ಕೆ.ಜಿ. ಹಲವು ಬಗೆಯ ಇಂಧನ ಕುಡಿಯುವ 7.8 ಲೀಟರಿನ ಮಲ್ಟಿಫ್ಯೂಯಲ್ ಇಂಜಿನ್ ಕೊಡೋದು 130-140 ಹಾರ್ಸ್‌ಪವರ್ ಮಾತ್ರ. ಸೇನೆ ಇದಕ್ಕೆ ಎರಡು ಮಿತಿ ಹಾಕಿತ್ತು: ರಸ್ತೆಯಲ್ಲಿ 4,540 ಕೆ.ಜಿ., ಕಾಡುಮೇಡಿನಲ್ಲಿ ಅದರ ಅರ್ಧ.

ಇದಕ್ಕೆ ಜನ ಮಾಡುವ ದೊಡ್ಡ ಮಾರ್ಪಾಡು ಅಂದರೆ ಹಿಂದಿನ ಎರಡು ಆಕ್ಸಲ್‌ಗಳಲ್ಲಿ ಒಂದನ್ನು ಕಿತ್ತು, ಚಾಸಿ, ಅಂದರೆ ಲಾರಿಯ ಕೆಳಗಿನ ಉಕ್ಕಿನ ಚೌಕಟ್ಟು, ಕತ್ತರಿಸಿ, ದಪ್ಪ ಟೈರಿನ ನಾಲ್ಕು ಚಕ್ರದ ಗಿಡ್ಡ ಲಾರಿ ಮಾಡಿಕೊಳ್ಳೋದು. ನೋಡಲು ಗತ್ತು, ತಿರುಗಿಸಲು ಸಲೀಸು. ಆದರೆ ಹೊರುವ ಶಕ್ತಿ?

ಮೊದಲು ಕಾಗದದ ಮೇಲೆ

ಎರಡು ಆಕ್ಸಲ್ ಹೊರುತ್ತಿದ್ದ ಹೊರೆ 4,540. ಒಂದು ಹೋದರೆ ಉಳಿದದ್ದರ ಪಾಲು ಸುಮಾರು 2,270 ಕೆ.ಜಿ. ಲಾರಿ ಹಗುರಾಯ್ತಲ್ಲ, ಜಾಸ್ತಿ ಹೇರಬಹುದು ಅನ್ನೋ ವಾದ ನಿಲ್ಲೋದಿಲ್ಲ. ಉಳಿದ ಆಕ್ಸಲ್ ಹಳೆಯದೇ ಅಲ್ವಾ?

ಈಗ ಟೈರಿನ ಪಕ್ಕ ಓದಿ. 149 ಎಂಬ ಲೋಡ್ ಇಂಡೆಕ್ಸ್ ಇದ್ದರೆ ಆ ಟೈರು 3,250 ಕೆ.ಜಿ. ತಡೆಯುತ್ತೆ ಎಂದರ್ಥ. ಜೊತೆಗೆ ಅಲ್ಲೇ ಡಾಟ್ (DOT) ಎಂದು ಶುರುವಾಗುವ ತಯಾರಿಕೆಯ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ನೋಡಿ. 2311 ಅಂದರೆ 2011ರ 23ನೇ ವಾರ ತಯಾರಾದದ್ದು. ಗೋದಾಮಿನಲ್ಲೇ ಮುದಿಯಾದ ಟೈರಿನ ಗೀರು ಎಷ್ಟೇ ಆಳ ಇರಲಿ, ನಂಬಬೇಡಿ. ಆಕ್ಸಲ್, ಟೈರು, ಸ್ಪ್ರಿಂಗು, ಟ್ರೈಲರ್ ಕೊಕ್ಕೆ, ಇವುಗಳಲ್ಲಿ ಯಾವುದರ ಮಿತಿ ಕಡಿಮೆಯೋ ಅದೇ ಲಾರಿಯ ಮಿತಿ. ಪರೀಕ್ಷೆ ಆ ಮಿತಿಯವರೆಗೆ ಮಾತ್ರ. ಅದನ್ನು ದಾಟಿ, ಎಲ್ಲಿ ಮುರಿಯುತ್ತೋ ನೋಡೋಣ ಅನ್ನೋದು ಪರೀಕ್ಷೆಯಲ್ಲ, ಹುಚ್ಚಾಟ.

ಬೆಸುಗೆಗೆ ಬಣ್ಣ ಹಚ್ಚಿ

ಚಾಸಿ ಕತ್ತರಿಸಿ ಸೇರಿಸಿದ ಜಾಗ, ಸ್ಪ್ರಿಂಗನ್ನು ಚಾಸಿಗೆ ಹಿಡಿಸುವ ಹ್ಯಾಂಗರ್ ಕೂರಿಸಿದ ಜಾಗ, ಎರಡನ್ನೂ ಲೋಹ ಹೊಳೆಯುವಂತೆ ಉಜ್ಜಿ. ಡೈ ಪೆನೆಟ್ರಂಟ್ ಎಂಬ ಕೆಂಪು ದ್ರವ ಸಿಂಪಡಿಸಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು ಒರೆಸಿ. ಆಮೇಲೆ ಬಿಳಿ ಡೆವಲಪರ್ ಸಿಂಪಡಿಸಿ. ಬಿರುಕಿದ್ದರೆ ಬಿಳಿಯ ಮೇಲೆ ಕೂದಲೆಳೆಯಂಥ ಕೆಂಪು ಗೆರೆ ಮೂಡುತ್ತೆ. ಗೆರೆ ಕಂಡರೆ ಅವತ್ತಿಗೆ ಕೆಲಸ ಬಂದ್. ಭಾರ ಹೊತ್ತು ಓಡಿಸಿ ಬಂದ ಮೇಲೆ ಇದನ್ನೇ ಇನ್ನೊಮ್ಮೆ ಮಾಡಬೇಕು.

ತೂಕ

ಅಮೆರಿಕದ ಹೆದ್ದಾರಿ ಬದಿಯ ಟ್ರಕ್ ನಿಲ್ದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ವೇಬ್ರಿಡ್ಜ್ ಸಿಗುತ್ತೆ. ನಮ್ಮೂರಿನ ವೇಬ್ರಿಡ್ಜ್ ಸಾಮಾನ್ಯವಾಗಿ ಇಡೀ ಲಾರಿಗೆ ಒಂದು ತೂಕ ಕೊಟ್ಟರೆ, ಅದು ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರ್ ಅಂತ ಒಂದೇ ಚೀಟಿಯಲ್ಲಿ ಬೇರೆ ಬೇರೆ ತೂಕ ಬರೆಯುತ್ತೆ. ನಮಗೆ ಬೇಕಾದ್ದು ಇದೇ. ಡೀಸೆಲ್ ತುಂಬಿಸಿ, ಡ್ರೈವರ್ ಕೂತು, ಖಾಲಿ ಲಾರಿ ತೂಗಿಸಿ.

ನೀರು ಹೇರಿ

ಹೊರೆಗೆ ಕಬ್ಬಿಣ, ಜಲ್ಲಿ ಬೇಡ. ಕಬ್ಬಿಣದ ಜಾಲರಿ ಸುತ್ತಿದ ಸಾವಿರ ಲೀಟರಿನ ಬಿಳಿ ಟ್ಯಾಂಕ್ ಬರುತ್ತಲ್ಲ, ಐಬಿಸಿ ಅನ್ನುತ್ತಾರೆ, ಅದು ಎರಡು ಸಾಕು. ತುಂಬಿದ ಟ್ಯಾಂಕ್ ಅಂದರೆ ಒಂದು ಟನ್ ನೀರು, ಟ್ಯಾಂಕಿನದ್ದು ಇನ್ನೊಂದು 60 ಕೆ.ಜಿ. ಎರಡಕ್ಕೆ ಸುಮಾರು 2,120. ನಮ್ಮ 2,270ರ ಮಿತಿಗೆ ಹತ್ತಿರ. ಏನಾದರೂ ಕಿರುಗುಟ್ಟಿದರೆ ನಲ್ಲಿ ತಿರುಗಿಸಿದರಾಯ್ತು, ಹೊರೆ ತಾನೇ ಇಳಿಯುತ್ತೆ. ಅರ್ಧ ತುಂಬಿದ ಟ್ಯಾಂಕ್ ಹೊತ್ತು ಮಾತ್ರ ಓಡಿಸಬೇಡಿ. ನೀರು ತುಳುಕಾಡಿ ತಿರುವಿನಲ್ಲಿ ಲಾರಿಯನ್ನೇ ಎಳೆದುಬಿಡುತ್ತೆ.

ಹೇರುವ ಮೊದಲು ಆಕ್ಸಲ್‌ನಿಂದ ಚಾಸಿಗೆ ಇರುವ ಅಂತರವನ್ನು ಎರಡೂ ಬದಿ ಟೇಪಿನಲ್ಲಿ ಅಳೆದು, ಚಾಸಿಯ ಮೇಲೇ ಸೀಮೆಸುಣ್ಣದಲ್ಲಿ ಬರೆಯಿರಿ. ಒಂದು ಟ್ಯಾಂಕಿಗೆ ಎಷ್ಟು ಇಳಿಯಿತು, ಎರಡನೆಯದಕ್ಕೆ ಎಷ್ಟು? ಇಳಿತ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಬದಿ ಜಾಸ್ತಿ ಕುಸಿದರೆ ಸ್ಪ್ರಿಂಗ್ ಅಥವಾ ಹ್ಯಾಂಗರ್‌ನಲ್ಲಿ ದೋಷ. ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ನೀರು ಖಾಲಿ ಮಾಡಿದ ಮೇಲೆ ಹಳೆಯ ಅಳತೆಗೆ ಮರಳದಿದ್ದರೆ ಆ ಸ್ಪ್ರಿಂಗ್ ಸೋತಿದೆ. ಸರಿ ಇದ್ದರೆ ಮತ್ತೆ ತುಂಬಿಸಿ, ಚೀಟಿ ತರಲು ವೇಬ್ರಿಡ್ಜಿಗೆ ನಿಧಾನಕ್ಕೆ ಹೋಗಿ.

ನಿಲ್ಲಿಸಿ ನೋಡಿ

ಇಲ್ಲಿ ಆತುರ ಸಲ್ಲದು. ಎಂ35ಎ2ದು ಗಾಳಿಯ ನೆರವಿನ ಹೈಡ್ರಾಲಿಕ್ ಬ್ರೇಕ್, ಅದೂ ಒಂದೇ ಸರ್ಕ್ಯೂಟ್. ಒಂದು ಪೈಪ್ ಒಡೆದರೆ ಎಲ್ಲ ಚಕ್ರದ ಬ್ರೇಕೂ ಹೋಯಿತು. ಹ್ಯಾಂಡ್‌ಬ್ರೇಕ್ ಚಕ್ರ ಹಿಡಿಯೋದಿಲ್ಲ, ಇಂಜಿನ್ ಬಲವನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಶಾಫ್ಟ್ ಹಿಡಿಯುತ್ತೆ. ಹಾಗಾಗಿ ನಿಲ್ಲಿಸಿದಾಗಲೆಲ್ಲ ಚಕ್ರಕ್ಕೆ ಮರದ ತುಂಡು ಕೊಡಿ. ಮುಖ್ಯವಾಗಿ, ಒಂದು ಆಕ್ಸಲ್ ಹೋದಾಗ ಆರು ಬ್ರೇಕ್ ಡ್ರಮ್ಮಿನಲ್ಲಿ ಎರಡು ಹೋಗಿವೆ. ಗಿಡ್ಡ ಲಾರಿಯ ಚೆಂದ ಹೊಗಳುವವರು ಇದನ್ನು ಹೇಳೋದು ಕಡಿಮೆ.

ಅಮೆರಿಕದ ಕೇಂದ್ರ ನಿಯಮದ ಪ್ರಕಾರ ಈ ಗಾತ್ರದ ಲಾರಿ ಗಂಟೆಗೆ 32 ಕಿ.ಮೀ. ವೇಗದಿಂದ 35 ಅಡಿಯೊಳಗೆ ನಿಲ್ಲಬೇಕು. ಖಾಲಿ ಬಯಲಿನಲ್ಲಿ ಗುರುತು ಹಾಕಿ, ಮೊದಲು ಖಾಲಿ ಲಾರಿ, ಆಮೇಲೆ ಒಂದು ಟ್ಯಾಂಕ್, ಕೊನೆಗೆ ಎರಡು. ಪ್ರತಿ ಸಲ ಇಳಿದು ಡ್ರಮ್‌ಗಳಿಗೆ ಇನ್ಫ್ರಾರೆಡ್ ಥರ್ಮಾಮೀಟರ್ ಹಿಡಿಯಿರಿ. ಒಂದೇ ಆಕ್ಸಲ್‌ನ ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ ನೋಡಿ. ಒಂದು ತಣ್ಣಗಿದ್ದರೆ ಅದು ದುಡಿಯುತ್ತಿಲ್ಲ, ಜೊತೆಯದ್ದು ಇಬ್ಬರ ಕೆಲಸ ಮಾಡುತ್ತಿದೆ.

ಟ್ರೈಲರ್, ಏರು, ಇಳಿಜಾರು

ಟ್ರೈಲರ್ ಸೇರಿ ಒಟ್ಟು ಹತ್ತು ಟನ್ ಆಯಿತು ಅಂದುಕೊಳ್ಳಿ. ನೂರು ಮೀಟರಿಗೆ ಆರು ಮೀಟರ್ ಏರುವ ದಾರಿ, ವೇಗ 40 ಕಿ.ಮೀ. ಹತ್ತಲು ಚಕ್ರದಲ್ಲಿ ಬೇಕಾದ್ದು ಸುಮಾರು 75 ಕಿಲೋವ್ಯಾಟ್, ಅಂದರೆ ನೂರು ಹಾರ್ಸ್‌ಪವರ್. ಈ ಇಂಜಿನ್ ಏದುಸಿರು ಬಿಟ್ಟುಕೊಂಡು ಹತ್ತುತ್ತೆ. ಅದೇ ದಾರಿಯಲ್ಲಿ, ಅದೇ ವೇಗದಲ್ಲಿ ಇಳಿಯುವಾಗ ಸುಮಾರು 55 ಕಿಲೋವ್ಯಾಟ್ ಶಾಖವಾಗಿ ಹೋಗಬೇಕು. ಬಿಡದೆ ಉರಿಯುವ 55 ಇಸ್ತ್ರಿಪೆಟ್ಟಿಗೆಯ ಬಿಸಿ ಅದು. ಇಂಜಿನ್ನಿನ ಹೊಗೆ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಈ ಲಾರಿಗೆ ಇಲ್ಲ. ಟ್ರೈಲರಿಗೆ ಅದರದ್ದೇ ಬ್ರೇಕ್ ಇಲ್ಲದಿದ್ದರೆ ಇಳಿಜಾರಿನ ಪರೀಕ್ಷೆಗೆ ಹೋಗಲೇಬೇಡಿ. ಹತ್ತುವ ಗೇರಿಗಿಂತ ಒಂದು ಕೆಳಗಿನ ಗೇರಿನಲ್ಲಿ ಇಳಿಯಿರಿ.

ಎಡವುವ ಜಾಗ ಇನ್ನೊಂದಿದೆ. ಸೇನೆಯ ಲಾರಿ 24 ವೋಲ್ಟ್, ಮಾರುಕಟ್ಟೆಯ ಟ್ರೈಲರಿನ ವಿದ್ಯುತ್ ಬ್ರೇಕ್ 12 ವೋಲ್ಟ್. ನಡುವೆ ಕನ್ವರ್ಟರ್ ಬೇಕು. ಎರಡು ಬ್ಯಾಟರಿಯಲ್ಲಿ ಒಂದರಿಂದ ತಂತಿ ಎಳೆಯುವ ಜಾಣತನ ಮಾಡಿದರೆ ಒಂದು ಬ್ಯಾಟರಿ ಸೊರಗಿ, ಇನ್ನೊಂದು ಕುದಿಯುತ್ತೆ.

ಲಾರಿ ಎಲ್ಲದರಲ್ಲೂ ಪಾಸಾದರೂ ಕಾನೂನಿನ ಮಿತಿ ಇದರಿಂದ ಒಂದು ಕೆ.ಜಿ.ಯೂ ಏರೋದಿಲ್ಲ. ನಮ್ಮಲ್ಲಂತೂ ನಮ್ಮ ಸೇನೆಯ ಹಳೇ ಶಕ್ತಿಮಾನ್ ಲಾರಿಯ ಚಾಸಿಗೆ ಕೈ ಹಾಕುವ ಮೊದಲೇ, ವಾಹನದ ಮಾರ್ಪಾಡಿನ ಬಗ್ಗೆ ಹೇಳುವ ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಅಡ್ಡ ಬರುತ್ತೆ, ಆರ್‌ಟಿಓ ಮೆಟ್ಟಿಲು ಹತ್ತಲೇಬೇಕು.

ಹೊರೆ ಹೊತ್ತು ಕೆಲವು ನೂರು ಕಿ.ಮೀ. ಓಡಿದ ಮೇಲೆ ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್‌ಗಳನ್ನು ಟಾರ್ಕ್ ವ್ರೆಂಚ್ ಹಿಡಿದು ಮತ್ತೆ ಬಿಗಿ ಮಾಡಿ. ನೀರು ಇಳಿಸಿ, ಸೀಮೆಸುಣ್ಣದ ಅಂಕಿಯ ಜೊತೆ ಅಂತರ ಹೋಲಿಸಿ. ಕಡಿಮೆಯಾಗಿದ್ದರೆ ಸ್ಪ್ರಿಂಗ್ ಬದಲಿಸುವವರೆಗೆ ಒಂದೇ ಟ್ಯಾಂಕಿನಷ್ಟು ಹೇರಿ.